ಡಿಗ್ರಿ ಮುಗಿದು ಎರಡು ವರ್ಷ ಆಯ್ತು, ಈಗ ಪ್ರೊಫೆಸರ್ ಹತ್ತಿರ ರೆಕಮೆಂಡೇಶನ್ (ಶಿಫಾರಸು) ಲೆಟರ್ ಕೇಳಬಹುದಾ?

ನ್ಯೂಜೆರ್ಸಿ, ಊರು ಶಿವಮೊಗ್ಗ
ಎಲ್ಲರಿಗೂ ನಮಸ್ಕಾರ. ಮಗಳು 2023ರಲ್ಲಿ ಬಯಾಲಜಿ ಡಿಗ್ರಿ ಮುಗಿಸಿದಳು. ಆಗ ಎಂಕ್ಯಾಟ್ (ಇಲ್ಲಿನ ಮೆಡಿಕಲ್ ಪ್ರವೇಶ ಪರೀಕ್ಷೆ) ಬರೆಯಲು ಧೈರ್ಯ ಸಾಲಲಿಲ್ಲ. ಎರಡು ವರ್ಷದಿಂದ ಕ್ಲಿನಿಕ್ ಒಂದರಲ್ಲಿ ಸ್ಕ್ರೈಬ್ ಕೆಲಸ, ಡಾಕ್ಟರ್ ಹೇಳಿದ್ದನ್ನು ಬರೆದಿಡುವುದು. ಈಗ ಎಂಕ್ಯಾಟ್ ಬರೆದಿದ್ದಾಳೆ, ಸ್ಕೋರ್ ಚೆನ್ನಾಗಿ ಬಂದಿದೆ. ಮುಂದಿನ ಮೇ ತಿಂಗಳಲ್ಲಿ ಮೆಡಿಕಲ್ ಸ್ಕೂಲ್‌ಗೆ ಅರ್ಜಿ ಹಾಕಬೇಕು. ಆದರೆ ರೆಕಮೆಂಡೇಶನ್ ಲೆಟರ್ ಹತ್ತಿರ ಬಂದು ನಿಂತುಬಿಟ್ಟಿದ್ದಾಳೆ. ಆರ್ಗ್ಯಾನಿಕ್ ಕೆಮಿಸ್ಟ್ರಿ ಕ್ಲಾಸಿನಲ್ಲಿ 200 ಜನ ಇದ್ದರಂತೆ. "ಅವರಿಗೆ ನನ್ನ ಹೆಸರೇ ನೆನಪಿರಲ್ಲ ಅಮ್ಮ, ಯಾವ ಮುಖ ಇಟ್ಟುಕೊಂಡು ಕೇಳಲಿ" ಅನ್ನುತ್ತಾಳೆ. ರಾತ್ರಿ ಲ್ಯಾಪ್‌ಟಾಪ್ ತೆಗೆದು ಎರಡು ಸಾಲು ಬರೆಯುತ್ತಾಳೆ, ಅಳಿಸುತ್ತಾಳೆ, ಮುಚ್ಚುತ್ತಾಳೆ. ನಾನೇ ಪ್ರೊಫೆಸರ್‌ಗೆ ಒಂದು ಈಮೇಲ್ ಹಾಕಲಾ? ನಮ್ಮ ಮನೆಯಲ್ಲಿ ಡಾಕ್ಟರ್ ಯಾರೂ ಇಲ್ಲ, ಕೇಳೋಣ ಅಂದರೆ.

ಡಲ್ಲಾಸ್, ಊರು ಹಾಸನ
ದಯವಿಟ್ಟು ನೀವು ಬರೆಯಬೇಡಿ ಅಕ್ಕ. ಅವಳೇ ಬರೆಯಲಿ. ನನ್ನ ಮಗ ಮೂರು ವರ್ಷ ಬಿಟ್ಟು ಕೇಳಿದ, ಸಿಕ್ಕಿತು. ಈಗ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಡಿಗ್ರಿ ಆದ ಮೇಲೆ ಒಂದಾದರೂ ವರ್ಷ ಬಿಡುವು, ಅಂದರೆ ಗ್ಯಾಪ್ ಇಯರ್, ತೆಗೆದುಕೊಂಡೇ ಮೆಡಿಕಲ್ ಸೇರುವುದು. ಪ್ರೊಫೆಸರ್‌ಗಳಿಗೆ ಇದು ಹೊಸದಲ್ಲ.

ನೆನಪಿಲ್ಲದಿದ್ದರೆ ನೆನಪಿಸಬೇಕು, ಅಷ್ಟೇ. ಯಾವ ಕೋರ್ಸ್, ಯಾವ ಸೆಮಿಸ್ಟರ್, ಯಾವ ಗ್ರೇಡ್, ಕ್ಲಾಸಿನಲ್ಲಿ ಆದ ಒಂದು ಘಟನೆ. ನನ್ನ ಮಗ ಡೌಟ್ ಕೇಳಲು ಆಫೀಸ್ ಅವರ್‌ಗೆ ಹೋದಾಗ ಪ್ರೊಫೆಸರ್ ಅವನ ನೋಟ್‌ಬುಕ್‌ನಲ್ಲೇ ಕೆಂಪು ಪೆನ್ನಿನಿಂದ ಬಾಣ ಎಳೆದು, ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ತೋರಿಸಿದ್ದರು. ಆ ಪುಟದ ಫೋಟೋ ಹಾಕಿ ಕಳಿಸಿದ. ಅದೇ ದಿನ ಉತ್ತರ ಬಂತು, "ಇದು ನನ್ನದೇ ಬಾಣ" ಅಂತ.

ಸುಮ್ನೆ "ಲೆಟರ್ ಕೊಡಿ" ಅನ್ನುವುದಲ್ಲ, "ಒಳ್ಳೆಯ, ಗಟ್ಟಿ ಲೆಟರ್ ಬರೆಯಲು ನಿಮಗೆ ಆಗುತ್ತದಾ" ಅಂತ ಕೇಳಬೇಕು. ಅವರು ಹಿಂದೆ ಮುಂದೆ ನೋಡಿದರೆ ಥ್ಯಾಂಕ್ಸ್ ಹೇಳಿ ಇನ್ನೊಬ್ಬರನ್ನು ಕೇಳಲಿ. ಅರೆಮನಸ್ಸಿನ ಲೆಟರ್ ಉಪಯೋಗಕ್ಕಿಂತ ತೊಂದರೆಯೇ ಜಾಸ್ತಿ.

ಮಿಷಿಗನ್, ಊರು ದಾವಣಗೆರೆ
ನಿಮ್ಮ ಪೋಸ್ಟ್ ಓದಿ ಹಳೆಯದೆಲ್ಲ ನೆನಪಾಯಿತು. 1991ರಲ್ಲಿ ನಾನು ಇಲ್ಲಿಗೆ ಬರುವ ಮುಂಚೆ ರಿಟೈರ್ ಆಗಿದ್ದ ನಮ್ಮ ಎಚ್‌ಓಡಿ ಮನೆಗೆ ಹೋಗಿದ್ದೆ. ಊಟದ ಮೇಜಿನ ಮೇಲಿನ ತಟ್ಟೆ ಸರಿಸಿ, ಇಂಕ್ ಪೆನ್ನಿನಲ್ಲಿ ಒಂದೂವರೆ ಪುಟ ಬರೆದುಕೊಟ್ಟರು. ಅವರ ಹೆಂಡತಿ ಕಾಫಿ, ಅವಲಕ್ಕಿ ಕೊಟ್ಟರು. ಇಲ್ಲಿ ಸೀಟು ಸಿಕ್ಕ ಮೇಲೆ ಕಾಗದ ಬರೆಯಬೇಕು, ಬರೆಯಬೇಕು ಅಂದುಕೊಂಡೇ ನಾಲ್ಕು ವರ್ಷ ಕಳೆದುಹೋಯಿತು. ಊರಿಗೆ ಹೋದಾಗ ಅವರು ಇರಲಿಲ್ಲ. ನಿಮ್ಮ ಮಗಳಿಗೆ ಹೇಳಿ, ರಿಸಲ್ಟ್ ಏನೇ ಬರಲಿ, ಲೆಟರ್ ಕೊಟ್ಟವರಿಗೆ ತಿಳಿಸಲಿ.

ಚಿಕಾಗೊ, ಊರು ಬೆಂಗಳೂರು
ಇಷ್ಟೆಲ್ಲ ಪಾಡು ಯಾಕೆ ಅಂತ ನಾನು ಹದಿನೈದು ವರ್ಷದಿಂದ ಹೇಳುತ್ತಲೇ ಇದ್ದೇನೆ. ಟ್ವೆಲ್ತ್ ಮುಗಿದ ತಕ್ಷಣ ಊರಿಗೆ ಕಳಿಸಿ. ಇಲ್ಲಿ ನಾಲ್ಕು ವರ್ಷ ಡಿಗ್ರಿ, ಎರಡು ವರ್ಷ ಗ್ಯಾಪ್, ಆಮೇಲೆ ಮೆಡಿಕಲ್ ನಾಲ್ಕು ವರ್ಷ. ಅಲ್ಲಿ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷಕ್ಕೆ ಎಂಬಿಬಿಎಸ್ ಕೈಯಲ್ಲಿರುತ್ತದೆ. ಲೆಟರೂ ಬೇಡ, ಪ್ರಬಂಧವೂ ಬೇಡ. ಅಜ್ಜಿ ತಾತನ ಹತ್ತಿರ ಇರುತ್ತಾರೆ, ಕನ್ನಡವೂ ಉಳಿಯುತ್ತದೆ. ನನ್ನ ಮಗಳು ಹಾಗೇ ಓದಿದ್ದು. ಇವತ್ತು ಇಲ್ಲೇ ರೆಸಿಡೆನ್ಸಿ (ಡಾಕ್ಟರ್‌ಗಳ ಆಸ್ಪತ್ರೆ ತರಬೇತಿ) ಮಾಡುತ್ತಿದ್ದಾಳೆ.

ಅಟ್ಲಾಂಟ, ಊರು ಮೈಸೂರು
ಸರ್, ಅವರ ಮಗಳು ಡಿಗ್ರಿ ಮುಗಿಸಿದ್ದಾಳೆ, ಕಳಿಸುವುದು ಎಲ್ಲಿಗೆ? ಅಲ್ಲಿ ನೀಟ್ ಬರೆಯಬೇಕು. 2021ರ ಮಾರ್ಚ್ 4ರ ನಂತರ ಓಸಿಐ (ಭಾರತ ಮೂಲದ ವಿದೇಶಿ ಪ್ರಜೆ) ಕಾರ್ಡ್ ಪಡೆದ ಮಕ್ಕಳಿಗೆ ಹೆಚ್ಚಾಗಿ ಎನ್‌ಆರ್‌ಐ ಸೀಟೇ ಗತಿ, ಫೀಸು ಕೋಟಿ ದಾಟುತ್ತದೆ. ವಾಪಸ್ ಬಂದರೆ ಯುಎಸ್‌ಎಂಎಲ್‌ಇ ಅನ್ನುವ ಲೈಸೆನ್ಸ್ ಪರೀಕ್ಷೆ, ಆಮೇಲೆ ರೆಸಿಡೆನ್ಸಿ ಸೀಟು ಹಂಚುವ ಮ್ಯಾಚ್.

ಚಿಕಾಗೊ, ಊರು ಬೆಂಗಳೂರು
ಇಲ್ಲಿ ಸಾಲ ಮಾಡಿ ಓದಿದರೆ ಕೋಟಿ ದಾಟುವುದಿಲ್ಲವಾ? ಮನಸ್ಸು ಮಾಡಿದರೆ ಎಲ್ಲ ಆಗುತ್ತದೆ. ಮಕ್ಕಳು ಹೇಳಿದ ಹಾಗೆ ನಾವು ಕುಣಿಯುತ್ತೇವೆ, ಅದೇ ತಪ್ಪು.

ಸಿಯಾಟಲ್, ಊರು ಧಾರವಾಡ
ನಮ್ಮ ಹುಡುಗ ಮೆಡಿಕಲ್ ಬೇಡ ಅಂದ, ನಾವು ಸರಿ ಅಂದೆವು. ಈಗ ಸ್ಕೂಲ್ ಟೀಚರ್. ಶನಿವಾರ ಕನ್ನಡ ಕಲಿ ಕ್ಲಾಸಿನಲ್ಲಿ ಚಿಕ್ಕ ಮಕ್ಕಳಿಗೆ ಅ ಆ ಇ ಈ ಹೇಳಿಕೊಡುತ್ತಾನೆ. ನಮಗೆ ಅದೇ ದೊಡ್ಡ ಹೆಮ್ಮೆ.

ಚಿಕಾಗೊ, ಊರು ಬೆಂಗಳೂರು
ಟೀಚರ್ ಕೆಲಸ ಒಳ್ಳೆಯದೇ. ನಾನು ಹೇಳುತ್ತಿರುವುದು ಡಾಕ್ಟರ್ ಆಗಬೇಕು ಅನ್ನುವವರಿಗೆ. ಎಂಟನೇ ಕ್ಲಾಸಿನಲ್ಲೇ ತೀರ್ಮಾನ ಮಾಡಬೇಕು.

ನ್ಯೂಜೆರ್ಸಿ, ಊರು ಶಿವಮೊಗ್ಗ
ಎಲ್ಲರಿಗೂ ಥ್ಯಾಂಕ್ಸ್. ಊರಿಗೆ ಕಳಿಸುವ ಮಾತು ನಮ್ಮ ಪಾಲಿಗೆ ಮುಗಿದುಹೋಗಿದೆ. ಡಲ್ಲಾಸ್ ಅಕ್ಕ, ಎಷ್ಟು ಲೆಟರ್ ಬೇಕು? ಯಾವಾಗ ಕೇಳಬೇಕು? ಅವಳು ಲ್ಯಾಬ್ ಮಾಡಿದ ಪ್ರೊಫೆಸರ್ ರಿಟೈರ್ ಆಗಿದ್ದಾರಂತೆ.

ಡಲ್ಲಾಸ್, ಊರು ಹಾಸನ
ಬೇರೆ ಮಾತಿನ ನಡುವೆ ನಿಮ್ಮ ಪ್ರಶ್ನೆ ಕೆಳಗೆ ಹೋಗಿಬಿಟ್ಟಿತು. ಸಾಮಾನ್ಯವಾಗಿ ಸೈನ್ಸ್ ಪ್ರೊಫೆಸರ್ ಇಬ್ಬರು, ಬೇರೆ ವಿಷಯದವರು ಒಬ್ಬರು. ಜೊತೆಗೆ ಅವಳು ಕೆಲಸ ಮಾಡುವ ಕ್ಲಿನಿಕ್‌ನ ಡಾಕ್ಟರ್ ಒಬ್ಬರು ಬರೆದರೆ ಬಹಳ ಒಳ್ಳೆಯದು, ಅವಳನ್ನು ದಿನಾ ನೋಡುವವರು ಅವರೇ ಅಲ್ವಾ. ಪ್ರತಿ ಸ್ಕೂಲಿನ ಲೆಕ್ಕ ಬೇರೆ, ವೆಬ್‌ಸೈಟ್ ನೋಡಿಯೇ ಹೊರಡಿ. ಹೆಚ್ಚಿನ ಮೆಡಿಕಲ್ ಸ್ಕೂಲ್‌ಗಳಿಗೆ ಒಟ್ಟಿಗೆ ಅರ್ಜಿ ಹಾಕುವ ಆಮ್ಕಾಸ್‌ನಲ್ಲಿ 10 ಲೆಟರ್‌ವರೆಗೆ ಹಾಕಬಹುದು, ಹತ್ತೂ ತುಂಬಿಸಲು ಹೋಗಬೇಡಿ. ನಮ್ಮ ಟೆಕ್ಸಸ್‌ಗೆ ಅರ್ಜಿಯೇ ಬೇರೆ, ಅಲ್ಲಿ ಮೂರು ಕೇಳುತ್ತಾರೆ.

ಮೊದಲು ಅವಳ ಕಾಲೇಜಿನ ಪ್ರೀ-ಮೆಡ್ ಆಫೀಸಿಗೆ (ಮೆಡಿಕಲ್ ಸೇರುವವರಿಗೆ ಸಲಹೆ ಕೊಡುವ ಕಡೆ) ಫೋನ್ ಮಾಡಿಸಿ. ಕೆಲವು ಕಾಲೇಜು ಹಳೆಯ ವಿದ್ಯಾರ್ಥಿಗಳಿಗೂ ಕಮಿಟಿ ಲೆಟರ್, ಅಂದರೆ ಕಾಲೇಜಿನ ಪರವಾಗಿ ಬರೆಯುವ ಲೆಟರ್, ಕೊಡುತ್ತವೆ, ಅದಕ್ಕೆ ಗಡುವು ಬೇಗ ಬರುತ್ತದೆ. ಪ್ರೊಫೆಸರ್‌ಗಳನ್ನು ಜನವರಿ, ಫೆಬ್ರವರಿಯಲ್ಲೇ ಕೇಳಲಿ. ಸೆಮಿಸ್ಟರ್ ಕೊನೆಯಲ್ಲಿ ಅವರಿಗೆ ಪುರಸೊತ್ತು ಇರುವುದಿಲ್ಲ. ಲೆಟರ್ ಬರದಿದ್ದರೂ ಅರ್ಜಿ ಸಬ್‌ಮಿಟ್ ಮಾಡಬಹುದು, ವೆರಿಫಿಕೇಶನ್ ನಿಲ್ಲುವುದಿಲ್ಲ. ಅದು ಗೊತ್ತಿಲ್ಲದೆ ನಾವು ಸುಮ್ನೆ ಒಂದು ತಿಂಗಳು ಕಾದೆವು. ಲೆಟರ್ ಬರೆದವರೇ ಅದನ್ನು ನೇರವಾಗಿ ಅಪ್‌ಲೋಡ್ ಮಾಡುತ್ತಾರೆ, ಅವಳ ಕೈಗೆ ಬರುವುದಿಲ್ಲ. ನೋಡುವ ಹಕ್ಕು ಬಿಟ್ಟುಕೊಡುತ್ತೇನೆ ಅಂತ ಟಿಕ್ ಮಾಡಲಿ, ಆಗಲೇ ಲೆಟರ್‌ಗೆ ಬೆಲೆ.

ರಿಟೈರ್ ಆದವರನ್ನು ಧೈರ್ಯವಾಗಿ ಕೇಳಲಿ. ಹಳೆಯ ಈಮೇಲ್ ನಡೆಯದಿದ್ದರೆ ಡಿಪಾರ್ಟ್‌ಮೆಂಟ್ ಆಫೀಸಿಗೆ ಬರೆದರೆ ಅವರಿಗೆ ತಲುಪಿಸುತ್ತಾರೆ. ಲೆಟರ್‌ಹೆಡ್, ಸಹಿ ಎರಡೂ ಇರಬೇಕು ಅಂತ ನೆನಪಿಸಿ. ರೆಸ್ಯೂಮೆ, ಟ್ರಾನ್‌ಸ್ಕ್ರಿಪ್ಟ್, ಯಾಕೆ ಡಾಕ್ಟರ್ ಆಗಬೇಕು ಅನ್ನುವ ಒಂದು ಪುಟ, ಮೂರನ್ನೂ ಜೊತೆಗೆ ಕಳಿಸಲಿ.

ನ್ಯೂಜೆರ್ಸಿ, ಊರು ಶಿವಮೊಗ್ಗ
ಅವಳಿಗೆ ಓದಿ ಹೇಳಿದೆ. ಎದ್ದು ಹೋಗಿ ಕ್ಲಾಸೆಟ್‌ನಿಂದ ಹಳೆಯ ಲ್ಯಾಬ್ ನೋಟ್‌ಬುಕ್ ಡಬ್ಬ ಇಳಿಸಿದ್ದಾಳೆ. ಈಗ ನೆಲದ ಮೇಲೆ ಕೂತು ಪುಟ ತಿರುವುತ್ತಿದ್ದಾಳೆ.