ಎಂಎಸ್ ಚಿಕಿತ್ಸೆ: ಯಾವ ಅಪಾಯವನ್ನು ಒಪ್ಪಿಕೊಳ್ಳುವುದು?

ವಸುಧಾ: ನನಗೆ ಮರುಕಳಿಸುವ ಬಗೆಯ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್, ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳು, ಬೆನ್ನುಹುರಿಯ ನರಗಳ ಮೇಲೆ ದಾಳಿ ಮಾಡುವ ರೋಗ) ಇರುವುದು ಇತ್ತೀಚೆಗೆ ಖಚಿತವಾಯಿತು. ಇಂಟರ್‌ಫೆರಾನ್ ಚುಚ್ಚುಮದ್ದಿನಿಂದ ಆರಂಭಿಸಬಹುದು, ಇಲ್ಲವೇ ನೇರವಾಗಿ ನಟಾಲಿಜುಮ್ಯಾಬ್ ತೆಗೆದುಕೊಳ್ಳಬಹುದು ಎಂದು ಹೇಳಿದ ವೈದ್ಯರು ನಿರ್ಧಾರವನ್ನು ನನಗೇ ಬಿಟ್ಟಿದ್ದಾರೆ. ನಟಾಲಿಜುಮ್ಯಾಬ್‌ನಿಂದ ಪಿಎಂಎಲ್ ಎಂಬ ಮಿದುಳಿನ ಸೋಂಕು ಬರಬಹುದೆಂದು ಓದಿದ ಮೇಲೆ ಧೈರ್ಯ ಉಡುಗಿದೆ. ಅದಕ್ಕೆ ಕಾರಣವಾಗುವ ಜೆಸಿ ವೈರಸ್‌ನ ಪ್ರತಿಕಾಯ, ಅಂದರೆ ಆ ವೈರಸ್ ಹಿಂದೆ ದೇಹಕ್ಕೆ ಹೊಕ್ಕಿತ್ತೆಂಬ ಗುರುತು, ನನ್ನ ರಕ್ತದಲ್ಲಿದೆ.

ಶ್ರೀಧರ: ಆತುರ ಬೇಡ. ನಟಾಲಿಜುಮ್ಯಾಬ್‌ಗೆ ಅಮೆರಿಕದಲ್ಲಿ 2004ರ ನವೆಂಬರ್‌ನಲ್ಲಿ ಅನುಮತಿ ಸಿಕ್ಕಿತು. ಪಿಎಂಎಲ್ ಕಾಣಿಸಿಕೊಂಡದ್ದರಿಂದ 2005ರ ಫೆಬ್ರವರಿಯಲ್ಲೇ ಅದನ್ನು ಹಿಂತೆಗೆದುಕೊಂಡು, 2006ರಲ್ಲಿ ಷರತ್ತುಗಳೊಂದಿಗೆ ಮತ್ತೆ ಬಿಟ್ಟರು. ಇಂಟರ್‌ಫೆರಾನ್ 1993ರಿಂದ ಬಳಕೆಯಲ್ಲಿದೆ. ಚುಚ್ಚಿಕೊಂಡ ರಾತ್ರಿ ಜ್ವರ, ಮೈಕೈ ನೋವು ಬರುತ್ತವೆ, ಚರ್ಮ ಕೆಂಪಾಗುತ್ತದೆ, ಯಕೃತ್ತಿನ ಪರೀಕ್ಷೆ ಮಾಡಿಸುತ್ತಿರಬೇಕು. ಆದರೆ ಅದರ ಗುಣದೋಷಗಳೆಲ್ಲ ತಿಳಿದಿವೆ.

ಮಾಲಿನಿ: ಶ್ರೀಧರ ಅವರೇ, ನೀವು ಔಷಧದ ಅಪಾಯವನ್ನಷ್ಟೇ ಎಣಿಸುತ್ತಿದ್ದೀರಿ, ರೋಗದ ಅಪಾಯವನ್ನು ಎಣಿಸುತ್ತಿಲ್ಲ. ನಾನು ಸೌಮ್ಯ ಔಷಧದಲ್ಲಿದ್ದಾಗಲೇ ಕಣ್ಣಿನ ನರಕ್ಕೆ ಉರಿಯೂತ ಬಂತು. ಇಂದಿಗೂ ಎಡಗಣ್ಣಿಗೆ ಕೆಂಪು ಬಣ್ಣ ಮಾಸಿದಂತೆಯೇ ಕಾಣುತ್ತದೆ. ನಟಾಲಿಜುಮ್ಯಾಬ್ ಮರುಕಳಿಕೆಯನ್ನು ಶೇಕಡಾ 68ರಷ್ಟು ತಗ್ಗಿಸಿದ್ದು ಪ್ರಯೋಗದಲ್ಲಿ ಸಾಬೀತಾಗಿದೆ.

ನಾಗೇಶ: ಆ 68ನ್ನು ಬಿಡಿಸಿ ನೋಡೋಣ. ಔಷಧವಿಲ್ಲದ ಹುಸಿಮದ್ದಿನ ಗುಂಪಿನಲ್ಲಿ ವರ್ಷಕ್ಕೆ ಸರಾಸರಿ 0.73 ಮರುಕಳಿಕೆಗಳಾದರೆ, ಔಷಧ ಪಡೆದವರಲ್ಲಿ 0.23 ಆದವು, ಅಂದರೆ ಇಬ್ಬರಿಗೆ ವರ್ಷಕ್ಕೆ ಸುಮಾರು ಒಂದು ಮರುಕಳಿಕೆ ತಪ್ಪಿತು. ಎರಡು ವರ್ಷಗಳಲ್ಲಿ ಅಂಗವೈಕಲ್ಯ ಹೆಚ್ಚಿದವರು ನೂರಕ್ಕೆ 29ರಿಂದ 17ಕ್ಕೆ ಇಳಿದರು. ಈ ಹೋಲಿಕೆ ಇಂಟರ್‌ಫೆರಾನ್ ಜೊತೆಗಿನದಲ್ಲ ಎಂಬುದೂ ನೆನಪಿರಲಿ. ಇನ್ನು ಪಿಎಂಎಲ್ ವಿಚಾರ: ಪ್ರತಿಕಾಯ ಇದ್ದರೂ, ಹಿಂದೆ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧ ತೆಗೆದುಕೊಂಡಿರದಿದ್ದರೆ, ಮೊದಲ ಎರಡು ವರ್ಷ ಅದರ ಸಂಭವ ಸಾವಿರಕ್ಕೆ ಒಂದಕ್ಕಿಂತ ಕಡಿಮೆ, ಆಮೇಲೆ ಏರುತ್ತದೆ. ವಸುಧಾ ಅವರೇ, ಪ್ರತಿಕಾಯ ಇದೆ ಎಂಬಷ್ಟಕ್ಕೇ ನಿಲ್ಲದೆ ರಕ್ತದಲ್ಲಿ ಅದರ ಮಟ್ಟವನ್ನು ತೋರಿಸುವ ಸೂಚ್ಯಂಕ ಎಷ್ಟೆಂದು ಕೇಳಿ.

ಶ್ರೀಧರ: ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಎರಡೂ ಕಡೆ ಇರುವುದು ಒಂದೇ ತೂಕದ ವಸ್ತುವಲ್ಲ. ಮರುಕಳಿಕೆಯಿಂದ ಬಹುಮಟ್ಟಿಗೆ ಚೇತರಿಸಿಕೊಳ್ಳಬಹುದು. ಪಿಎಂಎಲ್ ಬಂದವರಲ್ಲಿ ಕೆಲವರು ಸಾಯುತ್ತಾರೆ, ಉಳಿದವರಲ್ಲಿ ಅನೇಕರಿಗೆ ವೈಕಲ್ಯ ಶಾಶ್ವತವಾಗುತ್ತದೆ. ಅಲ್ಲದೆ ಎರಡು ವರ್ಷಕ್ಕೆ ನಿಲ್ಲಿಸಿದರಾಯಿತು ಎನ್ನುವಂತೆಯೂ ಇಲ್ಲ, ಬದಲಿ ಔಷಧವಿಲ್ಲದೆ ಬಿಟ್ಟರೆ ಕೆಲವೇ ತಿಂಗಳಲ್ಲಿ ರೋಗ ಕೆರಳಬಹುದು.

ಮಾಲಿನಿ: ಹಾಗಾದರೆ ಆಯ್ಕೆ ಎರಡಕ್ಕೇ ಏಕೆ ಸೀಮಿತವಾಗಬೇಕು? 2017ರಲ್ಲಿ ಅನುಮತಿ ಪಡೆದ ಒಕ್ರೆಲಿಜುಮ್ಯಾಬ್ ಇದೆ. ಆರಂಭದ ಡೋಸ್ ಮುಗಿದ ಮೇಲೆ ಆರು ತಿಂಗಳಿಗೊಮ್ಮೆ ಡ್ರಿಪ್ ಮೂಲಕ ಕೊಡುತ್ತಾರೆ, ಪಿಎಂಎಲ್ ಅತಿ ವಿರಳ, ಮತ್ತು ಇಂಟರ್‌ಫೆರಾನ್ ಜೊತೆಗೇ ಹೋಲಿಸಿದ ಪ್ರಯೋಗಗಳಲ್ಲಿ ಅದು ಮೇಲುಗೈ ಸಾಧಿಸಿತು. ಬೆಲೆ ತೆರುವುದು ಬೇರೆ ಕಡೆ: ಸೋಂಕುಗಳು ಹೆಚ್ಚಬಹುದು, ಲಸಿಕೆಗಳು ಸರಿಯಾಗಿ ನಾಟದಿರಬಹುದು, ಹಾಗಾಗಿ ಅವನ್ನು ಮೊದಲೇ ಹಾಕಿಸಿಕೊಳ್ಳಬೇಕು. ಗರ್ಭಧಾರಣೆಯ ಯೋಚನೆಯಿದ್ದರೆ ಅದನ್ನೂ ವೈದ್ಯರಿಗೆ ಮೊದಲೇ ತಿಳಿಸಿ.

ವಸುಧಾ: ಸೂಚ್ಯಂಕವನ್ನೂ ಈ ಮೂರನೆಯ ಆಯ್ಕೆಯನ್ನೂ ಖಂಡಿತ ವಿಚಾರಿಸುತ್ತೇನೆ. ಆದರೆ ಲಸಿಕೆಗಳಿಗಾಗಿ ಕಾಯುವಾಗಲೇ ರೋಗ ಮರುಕಳಿಸಿದರೆ?

ನಾಗೇಶ: ಒಕ್ರೆಲಿಜುಮ್ಯಾಬ್‌ಗೆ ಮುನ್ನ ಜೀವಂತ ಲಸಿಕೆಯಾದರೆ (ದುರ್ಬಲಗೊಳಿಸಿದ ಜೀವಂತ ರೋಗಾಣುಗಳಿರುವಂಥದ್ದು) ಕನಿಷ್ಠ ನಾಲ್ಕು ವಾರ, ಉಳಿದವುಗಳಿಗೆ ಸಾಧ್ಯವಾದರೆ ಎರಡು ವಾರ ಅಂತರವಿರಬೇಕು. ನಡುವೆ ಮರುಕಳಿಸಿದರೆ ಸ್ಟೆರಾಯ್ಡ್ ಕೊಡುತ್ತಾರೆ. ಅದು ಚೇತರಿಕೆಯನ್ನು ಬೇಗನೆ ಆಗಿಸುತ್ತದೆ, ಮುಂದಿನ ಮರುಕಳಿಕೆಯನ್ನು ತಡೆಯುವುದಿಲ್ಲ. ಆದ್ದರಿಂದ ಯಾವ ಔಷಧವೆಂದು ತೀರ್ಮಾನವಾಗುವ ಮೊದಲೇ ಲಸಿಕೆಗಳ ಪಟ್ಟಿಯನ್ನು ವೈದ್ಯರ ಮುಂದಿಡಿ.