ಹಾರಬೇಡ, ಹಗ್ಗ ಎಸೆ

ಚಿಕ್ಕಪ್ಪ, ಭಾವ, ಎಲ್ಲರಿಗೂ ನಮಸ್ಕಾರ. ಇಷ್ಟೆಲ್ಲ ಟೈಪ್ ಮಾಡಲು ನನ್ನಿಂದ ಆಗುವುದಿಲ್ಲ, ಅದಕ್ಕೇ ವಾಯ್ಸ್ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಬೈಯಬೇಡಿ. ಕೈಯಲ್ಲಿ ಕೆಲಸ ಇಟ್ಟುಕೊಂಡೇ ಕೇಳಿ.

ನಿನ್ನೆ ರಾತ್ರಿ ಚಿಕ್ಕಪ್ಪ ಕೇಳಿದ್ದು ಇಷ್ಟೇ ಅಲ್ವಾ? ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ನೀರಿನಲ್ಲಿ ಮುಳುಗದ ಹಾಗೆ ಪಾಠ ಯಾಕೆ ಮಾಡಬಾರದು ಅಂತ. ಅದಕ್ಕೆ ಭಾವ ಎರಡು ಮಾತು ಹೇಳಿದರು. ಒಂದು, ಈಜುಕೊಳವೇ ಇಲ್ಲದ ಶಾಲೆಯಲ್ಲಿ ಏನು ಕಲಿಸುತ್ತೀರಿ? ಎರಡು, ಈಜು ಕಲಿಸಿದರೆ ಮಕ್ಕಳಿಗೆ ಭಂಡ ಧೈರ್ಯ ಬಂದು ಇನ್ನೂ ಜಾಸ್ತಿ ನೀರಿಗೆ ಬೀಳುತ್ತಾರೆ. ನಾನು ಮೇಷ್ಟ್ರ ಕೆಲಸದವಳು, ಸುಮ್ನೆ ಇರಲು ಆಗಲಿಲ್ಲ.

ಮೊದಲು ನನ್ನದೇ ಒಂದು ಸಂಗತಿ. ಆರನೇ ಕ್ಲಾಸಿನಲ್ಲಿದ್ದಾಗ ಶಾಲೆ ಬಿಟ್ಟ ಮೇಲೆ ನಾವು ನಾಲ್ಕು ಜನ ಕೆರೆಗೆ ಹೋಗಿದ್ದೆವು. ಮನೆಯಲ್ಲಿ ಇವತ್ತಿನವರೆಗೂ ಹೇಳಿಲ್ಲ. ಅಮ್ಮ ಈ ಗ್ರೂಪಿನಲ್ಲಿದ್ದಾಳೆ ಅಂತ ಈಗ ನೆನಪಾಯಿತು, ಇರಲಿ. ನಮ್ಮ ಜೊತೆಯ ಹುಡುಗ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ಒಂದು ಹೆಜ್ಜೆ ಹಿಂದಕ್ಕೆ ಇಟ್ಟ. ಅಲ್ಲಿ ಗುಂಡಿ. ಅವನು ಕೂಗಲಿಲ್ಲ, ಕೈ ಬೀಸಲಿಲ್ಲ. ತಲೆ ಹಿಂದಕ್ಕೆ ವಾಲಿತ್ತು, ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತಿತ್ತು. ಎರಡೂ ಕೈ ಪಕ್ಕಕ್ಕೆ ಚಾಚಿ ನೀರನ್ನು ಕೆಳಗೆ ಒತ್ತುತ್ತಿದ್ದ, ಕಾಣದ ಏಣಿ ಹತ್ತುವವನ ಹಾಗೆ. ನಾವು ದಡದಲ್ಲಿ ನಿಂತು ನಗುತ್ತಿದ್ದೆವು. ಆಟ ಕಟ್ಟುತ್ತಿದ್ದಾನೆ ಅಂದುಕೊಂಡೆವು.

ಬಟ್ಟೆ ಒಗೆಯುತ್ತಿದ್ದ ಒಬ್ಬ ಅಜ್ಜಿಗೆ ಮಾತ್ರ ಗೊತ್ತಾಯಿತು. ಅವರು ನೀರಿಗೆ ಇಳಿಯಲಿಲ್ಲ. ಮೆಟ್ಟಿಲ ಮೇಲೆ ಬೋರಲು ಮಲಗಿ, ಒದ್ದೆ ಹೊದಿಕೆಯ ಒಂದು ತುದಿ ಹಿಡಿದುಕೊಂಡು ಇನ್ನೊಂದು ತುದಿಯನ್ನು ಬೀಸಿ ಎಸೆದರು. ಮೊದಲ ಸಲ ಸಿಗಲಿಲ್ಲ. ಅಷ್ಟರಲ್ಲಿ ನನ್ನ ಗೆಳತಿ ನೀರಿಗೆ ಹಾರಲು ಹೊರಟಿದ್ದಳು. "ಏಯ್, ನಿಲ್ಲು ಅಲ್ಲೇ! ಬಂದು ನನ್ನ ಕಾಲು ಹಿಡ್ಕೋ" ಅಂತ ಅಜ್ಜಿ ಗದರಿದರು. ಎರಡನೇ ಸಲ ಹೊದಿಕೆ ಅವನ ಕೈ ಮೇಲೆಯೇ ಬಿತ್ತು. ಎಳೆದುಕೊಂಡರು. ಹುಡುಗ ಬದುಕಿದ. ಆ ಅಜ್ಜಿಗೆ ಈಜು ಬರುತ್ತಿತ್ತೋ ಇಲ್ಲವೋ, ಕೇಳುವ ಬುದ್ಧಿ ನಮಗಿರಲಿಲ್ಲ.

ಮರುದಿನ ಶಾಲೆಗೆ ಸುದ್ದಿ ಮುಟ್ಟಿತು. ನಾಲ್ಕೂ ಜನಕ್ಕೆ ಬೆತ್ತದ ಏಟು. "ಇನ್ನೊಂದ್ಸಲ ಕೆರೆ ಕಡೆ ತಲೆ ಹಾಕಿದರೆ ಕಾಲು ಮುರೀತೀನಿ" ಅಂದರು. ಹತ್ತು ವರ್ಷದ ಓದಿನಲ್ಲಿ ನೀರಿನ ಬಗ್ಗೆ ನಮಗೆ ಸಿಕ್ಕ ಪಾಠ ಅದೊಂದೇ. ಅಜ್ಜಿ ಮಾಡಿದ್ದೇನು ಅಂತ ಯಾರೂ ಕೇಳಲಿಲ್ಲ.

ಮುಳುಗುವವರು ಕೂಗುವುದಿಲ್ಲ ಅನ್ನುವುದು ನನಗೆ ತುಂಬಾ ತಡವಾಗಿ ಗೊತ್ತಾಯಿತು. ಫ್ರಾನ್ಸೆಸ್ಕೋ ಪಿಯಾ ಅಂತ ನ್ಯೂಯಾರ್ಕಿನ ಒಬ್ಬ ಜೀವರಕ್ಷಕ ಇದನ್ನು ಕಣ್ಣಾರೆ ನೋಡಿ ವಿವರಿಸಿದ್ದಾರೆ. ಉಸಿರಿಗೇ ಗಾಳಿ ಸಾಲದಾದಾಗ ಕೂಗಲು ಎಲ್ಲಿಂದ ಬರಬೇಕು? ಕೈ ತಾನಾಗಿಯೇ ನೀರನ್ನು ಒತ್ತುತ್ತಿರುತ್ತದೆ, ಎತ್ತಿ ಬೀಸಲು ಆಗುವುದಿಲ್ಲ. ಹೀಗೆ ಒದ್ದಾಡುವುದು ಬರೀ 20ರಿಂದ 60 ಸೆಕೆಂಡ್. ಆಮೇಲೆ ಕೆಳಗೆ. ಮಕ್ಕಳು ಗುಂಪಾಗಿ ಆಡುವಾಗ ಒಬ್ಬ ಇದ್ದಕ್ಕಿದ್ದ ಹಾಗೆ ಸದ್ದಿಲ್ಲದೆ ಆದನೆಂದರೆ ಮೊದಲು ಅವನ ಕಡೆ ನೋಡಬೇಕು. ಇದನ್ನು ಹೇಳಿಕೊಡಲು ಈಜುಕೊಳ ಬೇಕಾ ಭಾವ? ಗೋಡೆಗೆ ಒರಗಿ ನಿಂತು ನಾನೇ ಮಾಡಿ ತೋರಿಸುತ್ತೇನೆ. ಮಕ್ಕಳು ಮೊದಲು ನಗುತ್ತಾರೆ. "ನಾವೂ ಹೀಗೇ ನಕ್ಕಿದ್ದೆವು" ಅಂದರೆ ತಣ್ಣಗಾಗುತ್ತಾರೆ.

ಇನ್ನೊಂದು ಗಮನಿಸಿ. ಪೇಪರಿನಲ್ಲಿ ಮುಳುಗಿದ ಸುದ್ದಿ ಬಂದಾಗ ಎಷ್ಟೋ ಸಲ ಇಬ್ಬರು, ಮೂವರು ಒಟ್ಟಿಗೆ ಹೋಗಿರುತ್ತಾರೆ. ಅಣ್ಣನನ್ನು ಉಳಿಸಲು ತಮ್ಮ, ತಮ್ಮನನ್ನು ಉಳಿಸಲು ಗೆಳೆಯ. ಮುಳುಗುವವನ ಹತ್ತಿರ ಹೋದರೆ ಅವನು ನಿಮ್ಮ ತಲೆಯನ್ನೇ ಹಿಡಿದು ಮೇಲೆ ಹತ್ತುತ್ತಾನೆ. ಅದು ಅವನ ತಪ್ಪಲ್ಲ, ಜೀವ ಹಾಗೆ ಮಾಡಿಸುತ್ತದೆ. ಚೆನ್ನಾಗಿ ಈಜುವ ದೊಡ್ಡವರೇ ಹೀಗೆ ಹೋಗುತ್ತಾರೆ, ಇನ್ನು ಹನ್ನೆರಡು ವರ್ಷದ ಮಗು? ಹಾಗಾಗಿ ಶಾಲೆಯಲ್ಲಿ ಕಲಿಸಬೇಕಾದ ಮೊದಲ ಪಾಠ ಈಜು ಅಲ್ಲವೇ ಅಲ್ಲ ಅಂತ ನನ್ನ ವಾದ. ಮೊದಲ ಪಾಠ, ಗೆಳೆಯ ಮುಳುಗುತ್ತಿದ್ದರೂ ನೀನು ಹಾರಬೇಡ. ಕೂಗು, ಚಾಚು, ಎಸೆ.

ನಾನು ಇದನ್ನು ಶನಿವಾರ ಆಟದ ಪೀರಿಯಡ್‌ನಲ್ಲಿ ಮಾಡಿಸುತ್ತೇನೆ. ಬೇಕಾಗಿದ್ದು ಒಂದು ಹಗ್ಗ, ಮುಚ್ಚಳ ಇರುವ ಐದು ಲೀಟರ್ ಪ್ಲಾಸ್ಟಿಕ್ ಕ್ಯಾನ್, ಒಂದು ಸೀಮೆಸುಣ್ಣ. ನೆಲದಲ್ಲಿ ಗೆರೆ ಎಳೆದರೆ ಅದು ದಡ. ಹತ್ತು ಹೆಜ್ಜೆ ಆಚೆ ವೃತ್ತದಲ್ಲಿ ಕೂತ ಮಗು ಮುಳುಗುತ್ತಿರುವವನು. ಕ್ಯಾನಿಗೆ ಹಗ್ಗ ಕಟ್ಟಿ ಎಸೆಯಿರಿ ಅಂದೆ. ಮೊದಲ ದಿನ ಏನಾಯಿತು ಗೊತ್ತಾ? ಒಬ್ಬ ಹುಡುಗ ಕೈ ಬೀಸಿ ಎಸೆದ, ಕ್ಯಾನೂ ಹೋಯಿತು, ಹಗ್ಗವೂ ಪೂರ್ತಿ ಅದರ ಹಿಂದೆ ಹೋಯಿತು! ಇತ್ತ ತುದಿಯನ್ನು ಯಾರೂ ಹಿಡಿದಿರಲಿಲ್ಲ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ನಿಜವಾದ ನೀರಿನ ಹತ್ತಿರ ಗಾಬರಿಯಲ್ಲಿ ದೊಡ್ಡವರೂ ಮಾಡುವ ತಪ್ಪು ಇದೇ. ಅವತ್ತಿನಿಂದ ನಿಯಮ, ಎಸೆಯುವ ಮೊದಲು ಹಗ್ಗದ ತುದಿಯನ್ನು ಕಾಲಡಿ ಮೆಟ್ಟಿಕೊಳ್ಳಬೇಕು.

ಖಾಲಿ ಕ್ಯಾನ್ ಗಾಳಿಗೆ ಅತ್ತಿತ್ತ ಹೋಗುತ್ತದೆ ಅಂತ ಒಬ್ಬಳು ಹುಡುಗಿ ತಾನೇ ಕಂಡುಹಿಡಿದಳು. ಒಂದೆರಡು ಲೋಟ ನೀರು ಹಾಕಿ ಮುಚ್ಚಳ ಬಿಗಿ ಮಾಡಿದಳು. ಕ್ಯಾನ್ ನೆಟ್ಟಗೆ ಹೋಯಿತು, ಒಳಗೆ ಗಾಳಿ ಇರುವುದರಿಂದ ತೇಲುವುದೂ ನಿಲ್ಲುವುದಿಲ್ಲ. ಇನ್ನೊಂದು, ಅವನ ಮೇಲೆ ಗುರಿ ಇಡಬಾರದು, ಅವನ ಹೆಗಲ ಮೇಲಿಂದ ಆಚೆಗೆ ಎಸೆದು ಹಗ್ಗ ಅವನ ಮೈಮೇಲೆ ಬೀಳುವ ಹಾಗೆ ಮಾಡಬೇಕು. ಎಳೆಯುವಾಗ ಕೂತುಕೊಂಡೋ ಮಲಗಿಯೋ ಎಳೆಯಬೇಕು, ಇಲ್ಲದಿದ್ದರೆ ಅವನು ಎಳೆಯುವ ರಭಸಕ್ಕೆ ನೀವೇ ನೀರಿಗೆ. ನಮ್ಮ ಅಜ್ಜಿ ಬೋರಲು ಮಲಗಿದ್ದು ಯಾಕೆ ಅಂತ ನನಗೆ ಅರ್ಥವಾಗಿದ್ದು ಇದನ್ನು ಮಕ್ಕಳಿಗೆ ಹೇಳುವಾಗಲೇ.

ಈಜುಕೊಳ ಇಲ್ಲ ಅನ್ನುವ ಮಾತಿಗೆ ಇನ್ನೊಂದು ಉತ್ತರ ಬಾಂಗ್ಲಾದೇಶದಲ್ಲಿದೆ. ಅಲ್ಲಿ ಊರೂರಿನ ಕೆರೆಕುಂಟೆಗಳಲ್ಲೇ ಬಿದಿರಿನ ಅಟ್ಟಣೆ ಕಟ್ಟಿ, ಆಳ ಗೊತ್ತಿರುವ ಒಂದು ಜಾಗ ಮಾಡಿಕೊಂಡು ಮಕ್ಕಳಿಗೆ ಕಲಿಸಿದರು. ಆ ಕಾರ್ಯಕ್ರಮದ ಹೆಸರು ಸ್ವಿಮ್‌ಸೇಫ್. ನಾಲ್ಕು ವರ್ಷ ದಾಟಿದ ಮಕ್ಕಳು. ಗುರಿ ದೊಡ್ಡದೇನಲ್ಲ, 25 ಮೀಟರ್ ಈಜಬೇಕು, 30 ಸೆಕೆಂಡ್ ತೇಲಬೇಕು, ದಡದಿಂದಲೇ ಬೇರೆಯವರನ್ನು ಎಳೆದುಕೊಳ್ಳಲು ಬರಬೇಕು. 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೀಗೆ ಕಲಿತ ಮಕ್ಕಳಲ್ಲಿ ಮುಳುಗಿ ಸಾಯುವುದು ಶೇಕಡಾ 90ಕ್ಕಿಂತ ಹೆಚ್ಚು ಕಡಿಮೆಯಾಗಿತ್ತು. ಭಾವ, ನಿಮ್ಮ ಎರಡನೇ ಮಾತಿಗೂ ಉತ್ತರ ಇದರಲ್ಲೇ ಇದೆ. ಭಂಡ ಧೈರ್ಯ ಬಂದು ಸಾಯುವುದಾಗಿದ್ದರೆ ಸಾವು ಏರಬೇಕಿತ್ತು.

ಹಾಗಂತ ನಿಮ್ಮ ಭಯ ಪೂರ್ತಿ ಸುಳ್ಳಲ್ಲ, ಒಪ್ಪುತ್ತೇನೆ. ಈಜುಕೊಳದಲ್ಲಿ ನಾಲ್ಕು ಸುತ್ತು ಹೊಡೆದವನು ಹೊಳೆಗೂ ಅದೇ ಲೆಕ್ಕ ಹಾಕುತ್ತಾನೆ. ಕೊಳದಲ್ಲಿ ಸೆಳವಿಲ್ಲ, ಕೆಸರಿಲ್ಲ, ಕಾಲಿಗೆ ಸುತ್ತಿಕೊಳ್ಳುವ ಬಳ್ಳಿ ಇಲ್ಲ. ನೀರಿನಡಿ ಯಾರು ಜಾಸ್ತಿ ಹೊತ್ತು ಇರುತ್ತಾರೆ ಅಂತ ಪಂದ್ಯ ಕಟ್ಟಿ, ಜೋರಾಗಿ ನಾಲ್ಕಾರು ಸಲ ಉಸಿರೆಳೆದುಕೊಂಡು ಮುಳುಗುವುದಂತೂ ಈಜು ಬಲ್ಲವರ ಹುಚ್ಚಾಟ. ಹಾಗೆ ಉಸಿರೆಳೆದರೆ ಮೈಯಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. 'ಮೇಲೆ ಬಾ, ಉಸಿರು ಬೇಕು' ಅಂತ ಎಚ್ಚರಿಸುವುದೇ ಅದು. ಎಚ್ಚರಿಕೆ ಬರುವ ಮೊದಲೇ ಪ್ರಜ್ಞೆ ಹೋಗುತ್ತದೆ. ಅದಕ್ಕೇ ಬರೀ ಕೈಕಾಲು ಬಡಿಯುವುದನ್ನು ಕಲಿಸಿ ಬಿಟ್ಟರೆ ಅರ್ಧ ಪಾಠ. ಇಂಗ್ಲೆಂಡಿನ ಪಠ್ಯಕ್ರಮದಲ್ಲಿ ಪ್ರಾಥಮಿಕ ಶಾಲೆ ಮುಗಿಯುವುದರೊಳಗೆ 25 ಮೀಟರ್ ಈಜುವುದರ ಜೊತೆಗೆ ನೀರಿನಲ್ಲಿ ತನ್ನನ್ನು ತಾನು ಕಾಪಾಡಿಕೊಳ್ಳುವುದೂ ಬರಬೇಕು ಅಂತಿದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಈಜಿನ ಡಿಪ್ಲೊಮಾ ಪಡೆಯಲು ಮಕ್ಕಳು ಬಟ್ಟೆ, ಬೂಟು ಹಾಕಿಕೊಂಡೇ ನೀರಿಗಿಳಿದು ಈಜಿ ತೋರಿಸಬೇಕು. ಸರಿಯಾಗಿದೆ ಅಲ್ವಾ? ಕಾಲು ಜಾರಿ ಬೀಳುವವರು ಯಾರೂ ಈಜುಡುಗೆ ಹಾಕಿಕೊಂಡು ಬೀಳುವುದಿಲ್ಲ.

ನನಗೆ ತುಂಬಾ ಹಿಡಿಸಿದ್ದು ಜಪಾನಿನವರ ರೀತಿ. 1955ರಲ್ಲಿ ಶಿಉನ್ ಮಾರು ಅನ್ನುವ ಹಡಗು ಮಂಜಿನಲ್ಲಿ ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ಸತ್ತ 168 ಜನರಲ್ಲಿ 100 ಮಂದಿ ಶಾಲಾ ಪ್ರವಾಸಕ್ಕೆ ಹೊರಟಿದ್ದ ಮಕ್ಕಳು. ಅದಾದ ಮೇಲೆ ಅಲ್ಲಿನ ಶಾಲೆಗಳಲ್ಲಿ ಈಜುಕೊಳ ಕಟ್ಟುವ ಕೆಲಸಕ್ಕೆ ವೇಗ ಬಂತು. ಈಗ ಅಲ್ಲಿ ಕಲಿಸುವ ಒಂದು ಪಾಠದ ಹೆಸರು 'ಉಯಿತೆಮತೆ'. ತೇಲುತ್ತಾ ಕಾಯಿ ಅಂತ ಅರ್ಥ. ಮಗು ಬಟ್ಟೆ, ಶೂ ಸಮೇತ ನೀರಿಗೆ ಇಳಿದು ಅಂಗಾತ ಮಲಗುತ್ತದೆ. ಕಿವಿ ನೀರೊಳಗೆ, ಮುಖ ಆಕಾಶಕ್ಕೆ, ಎದೆ ತುಂಬ ಗಾಳಿ. ಎದೆಯ ಮೇಲೆ ಒಂದು ಖಾಲಿ ಬಾಟಲಿ ಅಪ್ಪಿಕೊಂಡರೆ ಇನ್ನೂ ಸುಲಭ. ಕೂಗಿದರೆ ಎದೆಯ ಗಾಳಿ ಹೋಗುತ್ತದೆ, ಕೈ ಎತ್ತಿದರೆ ತಲೆ ಕೆಳಗೆ ಹೋಗುತ್ತದೆ. ಅದಕ್ಕೇ ಸುಮ್ನೆ ತೇಲುತ್ತಾ ಕಾಯುವುದು. ಕೂಗುವ ಕೆಲಸ ದಡದಲ್ಲಿರುವವರದು. ತೇಲುವುದನ್ನು ಮಾತ್ರ ನೆಲದ ಮೇಲೆ ಕಲಿಸಲು ಬರುವುದಿಲ್ಲ, ಅದಕ್ಕೆ ನೀರೇ ಬೇಕು, ಬಲ್ಲವರು ಪಕ್ಕದಲ್ಲಿರಬೇಕು. ಕೊಳಕ್ಕಾಗಿ ಜಗಳ ಆಡುವುದಾದರೆ ಇದಕ್ಕಾಗಿ ಆಡೋಣ, ನಾನೂ ಬರುತ್ತೇನೆ.

ಮೇಲೆ ಎತ್ತಿದ ಮೇಲೆ ಏನು ಅನ್ನುವುದನ್ನು ದೊಡ್ಡ ಕ್ಲಾಸಿನವರಿಗೆ ಹೇಳಬೇಕು, ಗ್ರೂಪಿನಲ್ಲಿರುವ ನಾವೂ ಕಲಿಯಬೇಕು. ತಲೆಕೆಳಗೆ ಹಿಡಿಯುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಬೇಡವೇ ಬೇಡ. ಆ ಹೊತ್ತೆಲ್ಲ ದಂಡ, ಹೊಟ್ಟೆಯದು ಗಂಟಲಿಗೆ ಬಂದು ಉಸಿರಿನ ದಾರಿಯೂ ಕಟ್ಟುತ್ತದೆ. ಮುಳುಗಿದವರಿಗೆ ಆಗಿರುವುದು ಗಾಳಿಯ ಕೊರತೆ. ಉಸಿರಾಡುತ್ತಿಲ್ಲ ಅಂದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಆಮೇಲೆ ಎದೆ ಒತ್ತುವುದು, 30 ಸಲ ಒತ್ತಿದರೆ 2 ಸಲ ಉಸಿರು. ಒಬ್ಬರು ಆಂಬುಲೆನ್ಸ್‌ಗೆ ಫೋನ್ ಮಾಡುತ್ತಿರಬೇಕು. ಇದನ್ನು ವಾಯ್ಸ್ ಕೇಳಿ ಕಲಿಯಲು ಆಗುವುದಿಲ್ಲ, ಬೊಂಬೆಯ ಮೇಲೆ ಒತ್ತಿ ನೋಡಬೇಕು.

ಅಂಕಿ ಬೇಕಾದರೆ ಕೇಳಿ ಚಿಕ್ಕಪ್ಪ. ವಿಶ್ವ ಆರೋಗ್ಯ ಸಂಸ್ಥೆಯ ವರದಿ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತರು. ಹತ್ತಿರ ಹತ್ತಿರ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ಆ ಪುಟಾಣಿಗಳು ಶಾಲೆಗೇ ಬರುವುದಿಲ್ಲ, ಅವರಿಗೆ ಮನೆಯ ಬಕೆಟ್ಟೂ ಸಾಕು. ಬಾವಿಗೆ ಮುಚ್ಚಳ, ನೀರಿನ ತೊಟ್ಟಿಗೆ ಅಡ್ಡ, ಕಣ್ಣಿಡುವ ದೊಡ್ಡವರು, ಅಷ್ಟೇ ದಾರಿ. ಆದರೆ ನನ್ನ ಕ್ಲಾಸಿನ ಅರ್ಧ ಮಕ್ಕಳು ಮನೆಯಲ್ಲಿ ತಮ್ಮ, ತಂಗಿ ಇರುವವರು. ಬಕೆಟ್ ಬೋರಲು ಹಾಕಿ ಅಂತ ಅವರಿಗೇ ಹೇಳಿ ಕಳಿಸುತ್ತೇನೆ.

ಜುಲೈ 25 ಮುಳುಗುವಿಕೆ ತಡೆಯುವ ದಿನ ಅಂತ ವಿಶ್ವಸಂಸ್ಥೆ 2021ರಲ್ಲೇ ಘೋಷಿಸಿದೆ. ಅವತ್ತು ಅಸೆಂಬ್ಲಿಯಲ್ಲಿ ಭಾಷಣ ಬೇಡ, ಹಗ್ಗ ಎಸೆಯುವ ಸ್ಪರ್ಧೆ ಇಡೋಣ ಅಂತ ನಮ್ಮ ಹೆಡ್‌ಮಾಸ್ಟರ್‌ಗೆ ಹೇಳಿದ್ದೇನೆ, ತಲೆಯಾಡಿಸಿದ್ದಾರೆ. ಅದಕ್ಕೆ ತಯಾರಿ ಈ ಶನಿವಾರದಿಂದ. ಭಾವ, ನೀವೂ ಬನ್ನಿ. ಇಷ್ಟು ದಿನ ಚಿಕ್ಕ ಮಕ್ಕಳನ್ನೇ ವೃತ್ತದಲ್ಲಿ ಕೂರಿಸಿ ಎಳೆಸಿದ್ದೇನೆ, ದೊಡ್ಡವರ ಭಾರ ಎಷ್ಟು ಅಂತ ಅವರಿಗೆ ಗೊತ್ತಾಗಬೇಕು. ಹಳೇ ಪ್ಯಾಂಟ್ ಹಾಕಿಕೊಂಡು ಬನ್ನಿ, ನೆಲದ ಮೇಲೆ ಎಳೆಯುತ್ತಾರೆ. ಚಿಕ್ಕಪ್ಪ, ನಿಮ್ಮ ಅಟ್ಟದ ಮೇಲಿದ್ದ ನೈಲಾನ್ ಹಗ್ಗ ಇನ್ನೂ ಇದೆಯಾ? ನಮ್ಮದು ಗಂಟು ಹಾಕಿ ಹಾಕಿ ಮೋಟಾಗಿದೆ.