ವಸತಿ ರಸ್ತೆಯಲ್ಲಿ ಕೆಫೆ: ಹೊರಗೆ ಆರು ಟೇಬಲ್ ಹಾಕಲು ಯಾವ ಲೈಸೆನ್ಸ್ ಬೇಕು?

ಫಿಲ್ಟರ್‌ಪುಡಿ ಕೇಳಿದ್ದು:

ಜಾಗ ಬೆಂಗಳೂರು ದಕ್ಷಿಣದ ಒಂದು ಬಡಾವಣೆ. 40x60 ಅಡಿ ಸೈಟು, ಅದರ 40 ಅಡಿಯ ಮಗ್ಗುಲು ರಸ್ತೆಗೆ ಮುಖವಾಗಿದೆ. ನೆಲಮಹಡಿ ಬಾಡಿಗೆಗೆ ಮಾತಾಗಿದೆ, ಮೇಲೆ ಎರಡು ಮನೆಗಳಿವೆ. ಕಟ್ಟಡದ ಮುಂದೆ 2 ಮೀಟರ್ ಸೆಟ್‌ಬ್ಯಾಕ್ (ಸೈಟಿನೊಳಗೆ ಕಟ್ಟದೆ ಬಿಟ್ಟ ಜಾಗ), ಅದರಾಚೆ ಚರಂಡಿ ಚಪ್ಪಡಿಯೇ ಫುಟ್‌ಪಾತ್, ಅಗಲ 1.8 ಮೀಟರ್. ಸೆಟ್‌ಬ್ಯಾಕ್‌ನಲ್ಲಿ ಮೂರು, ಫುಟ್‌ಪಾತ್ ಮೇಲೆ ಮೂರು ಟೇಬಲ್ ಹಾಕಿ ರಾತ್ರಿ 11ರವರೆಗೆ ನಡೆಸುವ ಯೋಚನೆ. ಪಕ್ಕದ ಮನೆಯ ಮೊದಲ ಮಹಡಿಯ ಬೆಡ್‌ರೂಮ್ ಕಿಟಕಿ ಅಲ್ಲಿಂದ ಸುಮಾರು 4 ಮೀಟರ್ ದೂರ. ಅವರು ಈಗಲೇ ಗೊಣಗುತ್ತಿದ್ದಾರೆ.

"ಟ್ರೇಡ್ ಲೈಸೆನ್ಸ್ ಒಂದಿದ್ದರೆ ಮುಂದಿನ ಜಾಗವೆಲ್ಲ ನಿಮ್ಮದೇ" ಅಂತಾರೆ ಬ್ರೋಕರ್. ಹೌದಾ? ಪಕ್ಕದವರಿಂದ ಒಪ್ಪಿಗೆ ಪತ್ರ ಬರೆಸಿಕೊಂಡರೆ ಸಾಕಾ?

ಪ್ಲಿಂತ್‌ಲೆವೆಲ್:

ಬ್ರೋಕರ್ ಮಾತು ತಪ್ಪು. ಟ್ರೇಡ್ ಲೈಸೆನ್ಸ್ ಕೊಡುವುದು ಆ ವಿಳಾಸದ ಕಟ್ಟಡದೊಳಗೆ ವ್ಯಾಪಾರ ನಡೆಸಲು. ಫುಟ್‌ಪಾತ್ ಪಾಲಿಕೆಯ ಆಸ್ತಿ, ಅದರ ಮೇಲೆ ಹೋಟೆಲ್ ಟೇಬಲ್ ಹಾಕಲು ಅಂತ ಬೆಂಗಳೂರಲ್ಲಿ ಪ್ರತ್ಯೇಕ ಪರವಾನಗಿ ಇಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯನ್ನು ಕೆಲವರು ಮುಂದೆ ಮಾಡುತ್ತಾರೆ. ಅದು ತಳ್ಳುಗಾಡಿ, ತಾತ್ಕಾಲಿಕ ಅಂಗಡಿಯವರಿಗೆ ಮಾಡಿದ್ದು, ಒಳಗೆ ಅಡುಗೆಮನೆ ಇಟ್ಟುಕೊಂಡವರಿಗಲ್ಲ. ಮೈಸೂರು, ಹುಬ್ಬಳ್ಳಿ ಕಡೆಯವರು ಓದುತ್ತಿದ್ದರೆ: 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯ 288ಡಿ ಪ್ರಕಾರ ರಸ್ತೆ ಮೇಲಿನ ಒತ್ತುವರಿಯನ್ನು ಆಯುಕ್ತರು ನೋಟಿಸ್ ಕೊಡದೆಯೇ ಎತ್ತಿಸಬಹುದು.

ಇನ್ನು ಅಳತೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ (ಐಆರ್‌ಸಿ) ಪಾದಚಾರಿ ಸೌಲಭ್ಯಗಳ ಕೈಪಿಡಿ ಐಆರ್‌ಸಿ 103 ಪ್ರಕಾರ ಫುಟ್‌ಪಾತ್‌ನಲ್ಲಿ ಅಡೆತಡೆಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ, 2.2 ಮೀಟರ್ ಎತ್ತರ ಬಿಡಬೇಕು. ನಿಮ್ಮಲ್ಲಿ ಇರುವುದೇ 1.8. ನಡುವೆ ಒಂದು ಕರೆಂಟ್ ಕಂಬ ಬಂದರೆ ಅದೂ ಇಲ್ಲ. ಹೊರಗಿನ ಮೂರು ಟೇಬಲ್ ಮರೆತುಬಿಡಿ.

ಉಳಿದದ್ದು ಸೆಟ್‌ಬ್ಯಾಕ್. ಅದು ಖಾಸಗಿ ಜಾಗ, ಆದರೆ ಖಾಲಿ ಬಿಡಬೇಕಾದ ಜಾಗ. ಎತ್ತಿ ಒಳಗಿಡಬಹುದಾದ ಟೇಬಲ್ ಕುರ್ಚಿ ಒಂದು ಮಾತು. ಶೀಟ್ ಹೊದಿಸಿ, ಕಬ್ಬಿಣದ ಕಂಬ ನೆಟ್ಟು, ಮರದ ಡೆಕ್ ಕಟ್ಟಿದರೆ ಅದು ನಕ್ಷೆ ಉಲ್ಲಂಘನೆ. ಲೆಕ್ಕ ಹೀಗೆ ಹಾಕಿ: ಮುಂಭಾಗ ಸುಮಾರು 12 ಮೀಟರ್. ಗೇಟಿಗೆ 3.5, ಬಾಗಿಲ ಮುಂದೆ 1.5 ಬಿಟ್ಟರೆ 7 ಮೀಟರ್. 60 ಸೆಂ.ಮೀ. ಚೌಕದ ಟೇಬಲನ್ನು ಗೋಡೆಗೆ ಒತ್ತಿಸಿ, ಎಡಕ್ಕೊಂದು ಬಲಕ್ಕೊಂದು ಕುರ್ಚಿ ಇಟ್ಟರೆ ಕುರ್ಚಿ ಹಿಂದಕ್ಕೆ ಎಳೆಯುವ ಜಾಗವೂ ಸೇರಿ ಒಂದಕ್ಕೆ 2 ಮೀಟರ್ ಬೇಕು. ಅಲ್ಲಿಗೆ ಮೂರು ಟೇಬಲ್, ಆರು ಜನ. ಆಳದಲ್ಲಿ 60 ಸೆಂ.ಮೀ. ಟೇಬಲಿಗೆ, 1.2 ಮೀಟರ್ ಓಡಾಟಕ್ಕೆ, ಉಳಿದ 20 ಸೆಂ.ಮೀ. ಕಾಂಪೌಂಡ್ ಪಕ್ಕ ಗಿಡದ ಕುಂಡಕ್ಕೆ. ನಾಲ್ಕು ಜನರ ಟೇಬಲ್ ಹಾಕಲು ಹೋದರೆ ಸರ್ವರ್ ತಟ್ಟೆ ಹಿಡಿದು ಅಡ್ಡಡ್ಡ ನಡೆಯಬೇಕಾಗುತ್ತದೆ.

ಟೇಬಲಿಗಿಂತ ಮೊದಲು ನೋಡಬೇಕಾದ್ದು ಬೇರೆ ಎರಡಿವೆ. ಒಂದು, ರಸ್ತೆ ಅಗಲ. ವಸತಿ ವಲಯದಲ್ಲಿ 40 ಅಡಿಗಿಂತ ಕಿರಿದಾದ ರಸ್ತೆಯಲ್ಲಿ ಇಂಥ ವ್ಯಾಪಾರಕ್ಕೆ ಟ್ರೇಡ್ ಲೈಸೆನ್ಸ್ ಸಿಗುವುದಿಲ್ಲ. ನೀವು ಸೈಟಿನ ಅಳತೆ ಕೊಟ್ಟಿದ್ದೀರಿ, ರಸ್ತೆಯದ್ದು ಹೇಳೇ ಇಲ್ಲ. ಅಳೆಯುವಾಗ ಡಾಂಬರು ಮಾತ್ರ ಅಲ್ಲ, ಚರಂಡಿ ಫುಟ್‌ಪಾತ್ ಸೇರಿಸಿ ಈ ಕಾಂಪೌಂಡಿನಿಂದ ಎದುರು ಕಾಂಪೌಂಡಿಗೆ. ಎರಡು, ಮಂಜೂರಾದ ನಕ್ಷೆಯಲ್ಲಿ ನೆಲಮಹಡಿ ಏನೆಂದಿದೆ. ಎಷ್ಟೋ ಕಡೆ ಅದು 'ಪಾರ್ಕಿಂಗ್' ಅಂತಿರುತ್ತದೆ, ಶಟರ್ ಹಾಕಿ ಅಂಗಡಿ ಮಾಡಿರುತ್ತಾರೆ. ಅಂಥ ಕಟ್ಟಡಕ್ಕೆ ಅಡ್ವಾನ್ಸ್ ಕೊಟ್ಟರೆ ಪಕ್ಕದ ಮನೆಯವರ ಒಂದೇ ದೂರಿಗೆ ಇಡೀ ಕೆಫೆಗೇ ಕುತ್ತು.

ಗಲ್ಲಾಪೆಟ್ಟಿಗೆ:

ಇಷ್ಟೆಲ್ಲ ಯಾಕೆ? ಊರ ತುಂಬ ಎಲ್ಲರೂ ಹಾಕ್ತಾರೆ. ಮಡಚುವ ಟೇಬಲ್ ಇಟ್ಟುಕೊಳ್ಳಿ, ಪಾಲಿಕೆ ಗಾಡಿ ಬಂದಾಗ ಒಳಗೆ ಎಳ್ಕೊಳ್ಳಿ.

ಪ್ಲಿಂತ್‌ಲೆವೆಲ್:

ಗಾಡಿಗೆ ತುಂಬಿಕೊಂಡು ಹೋದ ಟೇಬಲ್ ಎಷ್ಟು ವಾಪಸ್ ಬರುತ್ತವೆ ಅಂತ ಯಾವುದಾದರೂ ದರ್ಶಿನಿಯವರನ್ನು ಕೇಳಿ. ಅದಿರಲಿ, ಈಗ ಗಾಡಿ ತಾನಾಗಿ ಬರಬೇಕಿಲ್ಲ, ಪಕ್ಕದವರು ಫೋಟೊ ತೆಗೆದು ಕಳಿಸುತ್ತಾರೆ. ಅಡೆತಡೆಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದ ಮೇಲೆ ಅಂಥ ಫೋಟೊಗೆ ತೂಕ ಜಾಸ್ತಿ.

ಡೆಸಿಬಲ್‌ದಾಸ:

ನಿಮ್ಮ ನಿಜವಾದ ತೊಂದರೆ ಶಬ್ದ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್. ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. 100 ಮೀಟರ್ ಒಳಗೆ ಆಸ್ಪತ್ರೆಯೋ ಶಾಲೆಯೋ ಇದ್ದು ನಿಶ್ಶಬ್ದ ವಲಯವಾದರೆ 50 ಮತ್ತು 40.

ಒಬ್ಬರು ಮಾಮೂಲಿ ಮಾತಾಡಿದರೆ 1 ಮೀಟರ್ ದೂರದಲ್ಲಿ ಸುಮಾರು 60. ದೂರ ದುಪ್ಪಟ್ಟಾದರೆ 6 ಕಡಿಮೆ. ಅಂದರೆ 4 ಮೀಟರ್ ಆಚೆಯ ಆ ಕಿಟಕಿಗೆ 48. ಒಬ್ಬರ ಮಾತಿಗೇ ರಾತ್ರಿಯ ಮಿತಿ ದಾಟಿತು. ಐದು ಜನ ಒಟ್ಟಿಗೆ ಮಾತಾಡಿದರೆ ಇನ್ನೂ 7 ಸೇರಿ 55. ಮಿತಿಗಿಂತ 10 ಹೆಚ್ಚಾದಾಗ ದೂರು ಕೊಡಬಹುದು ಅನ್ನುತ್ತದೆ ನಿಯಮ, ಸರಿಯಾಗಿ ಅಲ್ಲಿಗೇ ಬಂದು ನಿಂತಿರಿ. ಎದುರುಬದುರು ಕಾಂಕ್ರೀಟ್ ಗೋಡೆ ಇರುವ ಕಡೆ ಲೆಕ್ಕದಷ್ಟೂ ಇಳಿಯುವುದಿಲ್ಲ.

ಮೊಬೈಲ್ ಆ್ಯಪ್ ನೋಡಿ ಜಗಳಕ್ಕೆ ಹೋಗಬೇಡಿ, ಅವರೂ ಹೋಗಬಾರದು. ನಿಯಮದಲ್ಲಿರುವ ಅಂಕಿ ಒಂದು ಅವಧಿಯ ಸರಾಸರಿ. ಬಸ್ ಹಾರ್ನ್ ಹೊಡೆದಾಗ ಆ್ಯಪ್‌ನಲ್ಲಿ 85 ತೋರಿಸಿದ್ದಕ್ಕೆ ಅರ್ಥವಿಲ್ಲ.

2024ರಲ್ಲಿ ಸರ್ಕಾರ ಹೋಟೆಲ್‌ಗಳಿಗೆ ರಾತ್ರಿ 1ರವರೆಗೆ ತೆರೆಯಲು ಅವಕಾಶ ಕೊಟ್ಟಿದೆಯಲ್ಲ ಅನ್ನಬಹುದು. ಅದು ಬಾಗಿಲು ತೆರೆದಿಡುವ ಸಮಯ, ಶಬ್ದದ ಮಿತಿಗೆ ವಿನಾಯಿತಿಯಲ್ಲ. ಒಪ್ಪಿಗೆ ಪತ್ರವೂ ಅಷ್ಟೇ: ಅರ್ಜಿ ಜೊತೆ ಇದ್ದರೆ ಒಳ್ಳೆಯದು, ಆದರೆ ಇವತ್ತು ಸಹಿ ಹಾಕಿದವರು ನಾಳೆ 112ಕ್ಕೆ ಫೋನ್ ಮಾಡುವುದನ್ನು ಅದು ತಡೆಯುವುದಿಲ್ಲ.

ಹಿತ್ತಲಬಾಗಿಲು:

ಬಡಾವಣೆ ಸಂಘಕ್ಕೆ ಬರುವ ದೂರುಗಳ ಕಡೆಯಿಂದ ಹೇಳುತ್ತೇನೆ. ಗಿರಾಕಿಗಳ ಮಾತಿಗಿಂತ ಹೆಚ್ಚು ಕಿರಿಕಿರಿ ಕೊಡುವುದು ಅಂಗಡಿ ಮುಚ್ಚುವಾಗಿನ ಸದ್ದು. ಕಬ್ಬಿಣದ ಕುರ್ಚಿಯನ್ನು ಗ್ರಾನೈಟ್ ಮೇಲೆ ಕರ್‍ರ್ ಅಂತ ಎಳೆದು, ಒಂದರ ಮೇಲೊಂದು ಧಡ್ ಅಂತ ಪೇರಿಸಿ, ಕೊನೆಗೆ ಶಟರ್. ಕುರ್ಚಿ ಕಾಲಿಗೆ ಹಾಕುವ ರಬ್ಬರ್ ಬೂಟು ಮೂರ್ನಾಲ್ಕು ತಿಂಗಳಲ್ಲಿ ಸವೆದು ಒಳಗಿನ ಪೈಪು ಹೊರಗೆ ಬರುತ್ತದೆ, ಹೆಚ್ಚುವರಿ ಡಜನ್ ತಂದಿಟ್ಟುಕೊಳ್ಳಿ. ಹೊರಗಿನ ಕೊನೆಯ ಆರ್ಡರ್ 9ಕ್ಕೆ, ಕುರ್ಚಿ ಒಳಗೆ 9.45ಕ್ಕೆ. ಒಳಗೆ 11ರವರೆಗೆ ನಡೆಸಿ, ಯಾರೂ ಕೇಳಲ್ಲ.

ಎರಡನೆಯದು ಪಾರ್ಕಿಂಗ್. ಆರು ಸೀಟಿಗೆ ನಾಲ್ಕು ಸ್ಕೂಟರ್ ಅಂದುಕೊಳ್ಳಿ, ನಾಲ್ಕೂ ಪಕ್ಕದ ಮನೆ ಗೇಟಿಗೇ ನಿಲ್ಲುತ್ತವೆ. ಸಂಜೆ 6ರಿಂದ ಒಬ್ಬ ಹುಡುಗನನ್ನು ಅದಕ್ಕೇ ನಿಲ್ಲಿಸಬೇಕು, ಬೋರ್ಡಿಗೆ ಯಾರೂ ಬೆಲೆ ಕೊಡಲ್ಲ. ಮೂರನೆಯದು ಸಿಗರೇಟು. 30 ಸೀಟಿಗಿಂತ ಚಿಕ್ಕ ಹೋಟೆಲಲ್ಲಿ ಸ್ಮೋಕಿಂಗ್ ಏರಿಯಾ ಮಾಡುವಂತೆಯೇ ಇಲ್ಲ, 'ಹೊರಗಡೆ ತಾನೇ' ಅಂತ ಆಶ್‌ಟ್ರೇ ಇಟ್ಟರೆ ಹೊಗೆ ನೆಟ್ಟಗೆ ಮೇಲಿನ ಬಾಲ್ಕನಿಗೆ. ಅಡುಗೆಮನೆ ಚಿಮಣಿಯನ್ನೂ ಪಕ್ಕಕ್ಕೆ ಬಿಡಬೇಡಿ. ಸುತ್ತಲಿನ ಎತ್ತರದ ತಾರಸಿಗಿಂತ ಮೇಲಕ್ಕೆ ಒಯ್ಯಿರಿ. ಒಗ್ಗರಣೆ ಘಾಟಿನ ದೂರು ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ.

ಕ್ವೀನ್ಸ್‌ಕನ್ನಡಿಗ:

ಹೋಲಿಕೆಗೆ ಇರಲಿ: ನ್ಯೂಯಾರ್ಕ್‌ನಲ್ಲಿ 2023ರ ಕಾನೂನಿನ ಪ್ರಕಾರ ಫುಟ್‌ಪಾತ್ ಕೆಫೆಗೆ ನಾಲ್ಕು ವರ್ಷದ ಲೈಸೆನ್ಸ್ ಇದೆ, ಶುಲ್ಕ 1,050 ಡಾಲರ್. ಜಾಗದ ಚದರಡಿ ಬಾಡಿಗೆ ಬೇರೆ, ಅದು ಏರಿಯಾ ನೋಡಿಕೊಂಡು. ನಡೆಯಲು ಕನಿಷ್ಠ 8 ಅಡಿ ಬಿಡಲೇಬೇಕು, ಮಧ್ಯರಾತ್ರಿಗೆ ಮುಚ್ಚಬೇಕು. ಅರ್ಜಿ ಆ ಭಾಗದ ಕಮ್ಯುನಿಟಿ ಬೋರ್ಡ್ ಮುಂದೆ ಹೋಗುತ್ತದೆ, ನೆರೆಯವರು ತಮ್ಮ ತಕರಾರು ಅಲ್ಲೇ ಹೇಳಬಹುದು. ಲೈಸೆನ್ಸ್ ಬರುವುದು ತೀರಾ ನಿಧಾನ ಅಂತ ಹೋಟೆಲಿನವರ ಗೋಳು ಇದ್ದೇ ಇದೆ. ಆದರೂ ಯಾರ ಹತ್ತಿರ ಕೇಳಬೇಕು ಅನ್ನುವುದಾದರೂ ಗೊತ್ತಿರುತ್ತದೆ.

ಫಿಲ್ಟರ್‌ಪುಡಿ:

ಫುಟ್‌ಪಾತ್ ಯೋಚನೆ ಕೈಬಿಟ್ಟೆ. ಸೆಟ್‌ಬ್ಯಾಕ್‌ಗೆ ಶೀಟ್ ಬೇಡ ಅಂದ್ರಿ, ಮಳೆ ಬಿಸಿಲಿಗೆ ಛತ್ರಿ ನಿಲ್ಲಿಸಬಹುದಾ?

ಪ್ಲಿಂತ್‌ಲೆವೆಲ್:

ನಿಲ್ಲಿಸಬಹುದು, ನೆಲಕ್ಕೆ ಬೋಲ್ಟ್ ಹೊಡೆಯದಿದ್ದರೆ. 2 ಮೀಟರ್ ಛತ್ರಿಗೆ ಬುಡದಲ್ಲಿ ಕನಿಷ್ಠ 25-30 ಕೆ.ಜಿ. ಕಾಂಕ್ರೀಟ್ ತೂಕ ಬೇಕು, ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಅದೂ ಸಾಲದು, ಮೋಡ ಕಂಡ ಕೂಡಲೇ ಮಡಚಿಬಿಡಿ. ಅಂಚು ಕಾಂಪೌಂಡ್ ದಾಟಿ ಫುಟ್‌ಪಾತ್ ಮೇಲೆ ಚಾಚಬಾರದು. ನೀರು ಪಕ್ಕದ ಮನೆ ಗೋಡೆಗೆ ಇಳಿಯದ ಹಾಗೆ ನೋಡಿಕೊಳ್ಳಿ.

ಬಾಡಿಗೆ ಕರಾರಿಗೆ ಎರಡು ಸಾಲು ಸೇರಿಸಿ: ಮುಂದಿನ ಸೆಟ್‌ಬ್ಯಾಕ್ ಬಳಕೆ ನಿಮಗೆ ಸೇರಿದ್ದು, ಮತ್ತು ನಕ್ಷೆ ಅಥವಾ ರಸ್ತೆ ಅಗಲದ ಕಾರಣಕ್ಕೆ ಟ್ರೇಡ್ ಲೈಸೆನ್ಸ್ ಸಿಗದಿದ್ದರೆ ಅಡ್ವಾನ್ಸ್ ಪೂರ್ತಿ ವಾಪಸ್. ಓನರ್ ಎರಡನೆಯದಕ್ಕೆ ಒಪ್ಪದಿದ್ದರೆ ನಕ್ಷೆಯಲ್ಲಿ ಏನೋ ಇದೆ ಅಂತ ತಿಳಿದುಕೊಂಡು ಬೇರೆ ಕಟ್ಟಡ ನೋಡಿ.